ಎಡಮೂಲೆ ಬಿಟ್ಟ ಕುರ್ಚಿ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು ಎಂದಿನ ಬೆಳಗಿನ ಹಾಗೆಯೇ ಬಂತು. ನಲ್ಲಿಯಲ್ಲಿ ನೀರು ಬಂತು. ಎದುರುಮನೆಯ ಸ್ಕೂಟರು ಎಷ್ಟು ಒದ್ದರೂ ಸ್ಟಾರ್ಟಾಗದೆ ಕೆಮ್ಮಿತು. ಅತ್ತೆ ಅಡುಗೆಕಟ್ಟೆಯ ಮೇಲೆ ನಾಲ್ಕು ಲೋಟ ಸಾಲಾಗಿಟ್ಟು ಚಹಾ ಬಗ್ಗಿಸುತ್ತಾ ಬಂದವರು, ನಾಲ್ಕನೆಯದರ ಹತ್ತಿರ ಕೈ ತಡೆದು, ಏನೂ ಆಗದವರಂತೆ ಅದನ್ನು ಮಗುಚಿಟ್ಟರು. ಸೊಸೆ ನೋಡಿದಳು. ಅವಳು ನೋಡಿದ್ದು ಅತ್ತೆಗೂ ಗೊತ್ತಾಯಿತು. 

ಆಗಲೇ ಅವನ ಫೋನು ಬಡಿದುಕೊಂಡಿತು.

ಅದನ್ನು ಅವಳೇ ಕಪಾಟಿನ ಮೇಲೆ ಚಾರ್ಜಿಗೆ ಹಾಕಿಟ್ಟಿದ್ದಳು. ಸತ್ತ ಗಂಡನ ಫೋನಿಗೆ ಚಾರ್ಜು ಯಾಕೆ ಎಂದು ಯಾರೂ ಕೇಳಿರಲಿಲ್ಲ. ಪರದೆಯ ಮೇಲೆ ‘ಕೊಡೆ ಅಜ್ಜಿ’ ಎಂದಿತ್ತು.

“ಏನಪ್ಪಾ ದೊರೆ, ನನ್ನ ಕುರ್ಚಿ ನುಂಗಿ ನೀರು ಕುಡಿದ್ಯಾ? ಒಂದೆರಡು ವಾರ ಅಂದೋನು ತಲೆ ಮರೆಸ್ಕೊಂಡುಬಿಟ್ಯಲ್ಲ! ಡಬ್ಬದ ಮೇಲೆ ಕೂತೂ ಕೂತೂ ನನ್ನ ಸೊಂಟ ಯಾವ ಕಡೆ ಇದೆ ಅಂತ ನನಗೇ ಗೊತ್ತಿಲ್ಲ.”

“ನಾನು ಅವರ ಹೆಂಡತಿ.”

“ಓ, ನೀನೇನಮ್ಮಾ. ಅವನೆಲ್ಲಿ? ಯಾವುದಾದ್ರೂ ಲಿಫ್ಟಲ್ಲಿ ಸಿಕ್ಕಾಕೊಂಡಿದಾನಾ?”

‘ತೀರಿಕೊಂಡರು’ ಎಂಬ ಮಾತನ್ನು ಅವಳು ಈಚೆಗೆ ಎಷ್ಟೋ ಜನರಿಗೆ ಹೇಳಿದ್ದಳು. ಹೇಳಿ ಹೇಳಿ ಅದು ಸವೆದ ನಾಣ್ಯದಂತೆ ಆಗಿತ್ತು. ಈಗ ಮಾತ್ರ ಹೇಳಲು ಮನಸ್ಸಾಗಲಿಲ್ಲ. ಎಲ್ಲೋ ದೂರದ ಒಂದು ಕೊಡೆಯಂಗಡಿಯಲ್ಲಿ ಅವನಿನ್ನೂ ಇದ್ದ, ಬೈಸಿಕೊಳ್ಳುತ್ತಿದ್ದ.

“ಕುರ್ಚಿ ನಾನೇ ತಂದುಕೊಡ್ತೀನಿ ಅಜ್ಜಿ.”

“ಹೇಗೆ ಕೊಟ್ಟಿದ್ನೋ ಹಾಗೇ ಬರ್ಬೇಕು, ತಿಳೀತಾ? ನಮ್ಮಜ್ಜಿ ಕೂತಿದ್ದ ಕುರ್ಚಿ ಅದು.”

“ಹಾಗೇ ತರ್ತೀನಿ.”

ಹೇಳಿದ್ದೇನೋ ಹೇಳಿಬಿಟ್ಟಳು. ಕೋಣೆಗೆ ಹೋಗಿ ನೋಡಿದರೆ ಕುರ್ಚಿಗೆ ಕೂರುವ ಜಾಗವೇ ಇರಲಿಲ್ಲ. ನಾಲ್ಕು ಕಾಲು, ಬೆನ್ನಿಗೆರಡು ಪಟ್ಟಿ, ನಡುವೆ ಬರೀ ಚೌಕಟ್ಟು, ಚೌಕಟ್ಟಿನ ಸುತ್ತ ಸಾಲು ತೂತು. ಬಿಚ್ಚಿದ ಹಳೆಯ ಬೆತ್ತ ಚೂರುಚೂರಾಗಿ ಪಕ್ಕದಲ್ಲಿ ಬಿದ್ದಿತ್ತು. ಬಿಚ್ಚಿದವನು ಅವನೇ.

ಆ ಮನೆಯವರದು ತಲೆಮಾರುಗಳಿಂದ ಬೆತ್ತದ ಕುರ್ಚಿ ಹೆಣೆಯುವ ಕಸುಬು. ಮಾವ ಈಗಲೂ ಮುಂದಿನ ಕೋಣೆಯಲ್ಲಿ ಅದನ್ನೇ ಮಾಡುತ್ತಿದ್ದರು, ಪ್ಲಾಸ್ಟಿಕ್ ಕುರ್ಚಿಗಳ ಕಾಲದಲ್ಲಿ ಸಿಕ್ಕಷ್ಟು. ಮಗ ಮಾತ್ರ ಲಿಫ್ಟ್ ಮೆಕ್ಯಾನಿಕ್ ಆದ. ಊರೂರಿಗೆ ಹೋಗಿ ಕಚೇರಿಗಳ ಲಿಫ್ಟು ಸರಿಮಾಡುವುದು, ಅದು ಮೇಲೆ ಕೆಳಗೆ ಓಡಾಡಿ ಪರೀಕ್ಷೆಯಾಗುವಷ್ಟರಲ್ಲಿ ಅಲ್ಲಿರುವ ಹಳೆಯ ಕುರ್ಚಿಗಳನ್ನೆಲ್ಲ ತಲೆಕೆಳಗು ಮಾಡಿ ನೋಡುವುದು. ಒಮ್ಮೆ ಕಾವಲುಗಾರನೊಬ್ಬ ಕೊರಳಪಟ್ಟಿ ಹಿಡಿದೇಬಿಟ್ಟಿದ್ದನಂತೆ: “ಏನಯ್ಯಾ ಹುಡುಕ್ತಿದೀಯಾ ಅಡಿಯಲ್ಲಿ?” ಇವನು, “ನಮ್ಮ ತಾತನ್ನ” ಎಂದನಂತೆ.

ಸುಳ್ಳೇನಲ್ಲ. ಆ ಮನೆಯವರಿಗೊಂದು ಪದ್ಧತಿಯಿತ್ತು. ಚೌಕಟ್ಟಿನ ಎಲ್ಲ ತೂತುಗಳಿಗೂ ಎಳೆ ಹಾಕಿ, ಹಿಂಬದಿಯ ಬಲಮೂಲೆಯ ತೂತೊಂದನ್ನು ಖಾಲಿ ಬಿಡುತ್ತಿದ್ದರು. ಮೇಲೆ ಅಂಚಿನ ಬೆತ್ತ ಮುಚ್ಚಿರುತ್ತದೆ. ಮಗುಚಿ ನೋಡಿದರೆ ಮಾತ್ರ ಕಾಣುತ್ತದೆ. ಬೆತ್ತಕ್ಕೆ ಉಸಿರಾಡಲು ಎಂದು ಮಾವ ಹೇಳುತ್ತಿದ್ದರು. ಯಾರೋ ಮುತ್ತಾತ ಎಳೆ ಎಣಿಸುವಾಗ ತಪ್ಪಿ, ಮಕ್ಕಳೆದುರು ಮರ್ಯಾದೆ ಉಳಿಸಿಕೊಳ್ಳಲು ಕಟ್ಟಿದ ಕಥೆ ಅದು ಎಂದು ಅವನು ನಗುತ್ತಿದ್ದ. ಏನೇ ಇರಲಿ, ಬೇರೆ ಯಾರೂ ಹಾಗೆ ಬಿಡುತ್ತಿರಲಿಲ್ಲ. ಖಾಲಿ ತೂತು ಸಿಕ್ಕಲ್ಲೆಲ್ಲ ಅವನು ಮಲಗುವ ಕೋಣೆಯ ಗೋಡೆಯ ನಕಾಶೆಗೆ ಒಂದು ಗುಂಡುಪಿನ್ನು ಚುಚ್ಚುತ್ತಿದ್ದ. ಪಿನ್ನಿನಿಂದ ಪಿನ್ನಿಗೆ ಬೆತ್ತದ ಸೀಳು ಎಳೆಯುತ್ತಿದ್ದ. ತಾತನ ಕುರ್ಚಿಗಳು ರೈಲುದಾರಿಯ ಆಚೆಯ ಊರಿನ ಕೋರ್ಟಿನಲ್ಲಿ. ಮುತ್ತಾತನವು ಅದಕ್ಕೂ ಮೂಡಲಿಗಿರುವ ಗಿರಣಿಪೇಟೆಯ ಆಸ್ಪತ್ರೆಯಲ್ಲಿ. ಅಲ್ಲಿಗೆ ದಾರಿ ನಿಂತಿತ್ತು. ಮುತ್ತಾತ ಚಿಕ್ಕಂದಿನಲ್ಲಿ ನದಿ ದಾಟಿ ಬಂದವನು, ಹುಟ್ಟುವ ಮೊದಲೇ ತಂದೆಯನ್ನು ಕಳೆದುಕೊಂಡವನು. ಅದರಾಚೆ ಮನೆಯಲ್ಲಿ ಯಾರಿಗೂ ಏನೂ ತಿಳಿಯದು.

“ಹಾಗಾದ್ರೆ ಅವನಿಗೆ ಕಸುಬು ಕಲಿಸಿದವರು ಯಾರೇ?” ಅನ್ನುತ್ತಿದ್ದ ಅವನು, ಹಾಸಿಗೆಯಲ್ಲಿ ಮಲಗಿ ನಕಾಶೆ ನೋಡುತ್ತಾ. “ಅಪ್ಪನಿಲ್ಲ. ಆದ್ರೆ ಅಪ್ಪನ ತೂತು ಬಂತು. ಆಕಾಶದಿಂದ ಉದುರ್ತಾ?”

ನದಿದಂಡೆಯ ಊರಿನ ಕೊಡೆಯಂಗಡಿಯಲ್ಲಿ ಈ ಕುರ್ಚಿ ಸಿಕ್ಕಾಗ ಅವನು ಹಬ್ಬ ಬಂದಂತೆ ಕುಣಿದಿದ್ದ. ಇದರಲ್ಲೂ ಒಂದು ತೂತು ಖಾಲಿಯಿತ್ತು. ಆದರೆ ಎಡಮೂಲೆಯದು. ಅಜ್ಜಿಯ ಕೈಕಾಲು ಹಿಡಿದು ಕುರ್ಚಿ ಎರವಲು ತಂದ. ಅಪ್ಪನ ಮುಂದಿಟ್ಟ. ಅಪ್ಪ ಮಗುಚಿ ನೋಡಿ, ಕಾಲಲ್ಲಿ ಅತ್ತ ಸರಿಸಿದರು. “ಯಾವನೋ ಕಸುಬು ಬರದೋನು ಕದ್ದು ನೋಡಿ ಮಾಡಿದ್ದು. ನಮ್ಮೋರದ್ದಲ್ಲ.” ಮಗ ಹಟಕ್ಕೆ ಬಿದ್ದು, ಒಳಗಿನ ಹೆಣಿಗೆ ಹೇಗಿದೆ ನೋಡುತ್ತೇನೆಂದು ಎಳೆ ಎಳೆಯಾಗಿ ಬಿಚ್ಚಿದ. “ಎಲ್ಲಾ ಉಲ್ಟಾ ಕಣೇ, ಓರೆ ಎಳೆನೂ ಉಲ್ಟಾ” ಎಂದ. ಮರುದಿನ ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ. ತಂದೆ ಮಗ ಕೊನೆಗೆ ಆಡಿಕೊಂಡ ಮಾತು ಆ ಕುರ್ಚಿಯದೇ.

“ಮಾವ, ಆ ಕುರ್ಚಿ ವಾಪಸ್ ಕೊಡ್ಬೇಕು. ಹೆಣೆದುಕೊಡ್ತೀರಾ?”

ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು. “ಅದನ್ನ ಮಾತ್ರ ನಾನು ಮುಟ್ಟಲ್ಲಮ್ಮ. ಪೇಟೆಯಲ್ಲಿ ಯಾರಿಗಾದ್ರೂ ಕೊಡು.”

“ಪೇಟೆಯವರು ಎಲ್ಲ ತೂತೂ ತುಂಬ್ತಾರೆ. ಇದ್ದ ಹಾಗೇ ತರ್ತೀನಿ ಅಂತ ಹೇಳಿದೀನಿ.”

“ಹೇಳೋ ಮುಂಚೆ ಕೇಳ್ಬೇಕಿತ್ತು.”

“ಕೊಡ್ತೀನಿ ಅಂದಿದ್ದು ಅವರು, ಮಾವ. ನಾನು ಅದನ್ನೇ ಇನ್ನೊಂದು ಸಲ ಅಂದೆ ಅಷ್ಟೆ.”

ಮಾವ ಎದ್ದು ಹಿತ್ತಲಿಗೆ ಹೋದರು. ಅವರು ಚಪ್ಪಲಿ ಮೆಟ್ಟದೆ ಹೋದದ್ದನ್ನು ಅತ್ತೆ ನೋಡಿ, ಚಪ್ಪಲಿ ತೆಗೆದುಕೊಂಡು ಹಿಂದೆ ಹೋದರು.

ಅವಳು ಹೆಚ್ಚು ಯೋಚಿಸಲಿಲ್ಲ. ಈ ದಿನಗಳಲ್ಲಿ ಯೋಚನೆ ಒದ್ದೆ ಬಟ್ಟೆಯಂತೆ ಭಾರವಾಗಿತ್ತು. ಕೈಗೆ ಕೆಲಸವಿದ್ದರೆ ಅದನ್ನು ಎತ್ತಬೇಕಿರಲಿಲ್ಲ. ಮೂಲೆಯ ಸುರುಳಿಯಿಂದ ಒಂದು ಹಿಡಿ ಬೆತ್ತದ ಸೀಳು ತಂದು, ಮೆತ್ತಗಾಗಲೆಂದು ಪಾತ್ರೆಯಲ್ಲಿ ನೀರು ಹಾಕಿ ಒಲೆಯ ಮೇಲಿಟ್ಟಳು. ವಾಸನೆ ಹಿತ್ತಲಿಗೆ ಮುಟ್ಟಿತು. ಮಾವ ಓಡಿಬಂದರು.

“ಏನಮ್ಮಾ ಇದು, ಬೆತ್ತದ ಸಾರು ಮಾಡ್ತಿದೀಯಾ?”

“ನೆನೆಸ್ತಿದೀನಿ.”

“ನೆನೆಸೋದು ತಣ್ಣೀರಲ್ಲಿ! ಬೇಯಿಸಿದ್ರೆ ನಾರು ಕಿತ್ತು ಬರುತ್ತೆ. ಡಾಕ್ಟರೇಟ್ ಮಾಡಿದೋಳಂತೆ.”

“ಅವಳು ಓದಿದ್ದು ಬೇರೆ ಡಾಕ್ಟರು ಕಣ್ರೀ,” ಎಂದರು ಅತ್ತೆ ಬಾಗಿಲಿಂದಲೇ. “ನನ್ನ ಮಂಡಿನೋವಿಗೆ ಒಂದು ಮಾತ್ರೆ ಬರೆದುಕೊಡೋಕೆ ಬರಲ್ಲ, ಬೆತ್ತ ನೆನೆಸೋಕೆ ಎಲ್ಲಿ ಬರುತ್ತೆ?”

ಆ ಮನೆಯಲ್ಲಿ ನಗುವಿನ ಹತ್ತಿರ ಬಂದ ಮೊದಲ ಸದ್ದು ಅದು. ನಗು ಎಂದು ಯಾರೂ ಒಪ್ಪಿಕೊಳ್ಳಲಿಲ್ಲ.

ಸಂಜೆಗೆ ಮಾವ ಬಕೆಟ್ಟಿನಲ್ಲಿ ತಣ್ಣೀರು ತುಂಬಿ, ಬೇರೆ ಸೀಳು ಮುಳುಗಿಸಿದರು. ರಿಪೇರಿಗೆ ಬಂದು ತಿಂಗಳುಗಟ್ಟಲೆ ಬಿದ್ದಿದ್ದ ಒಂದು ಗಿಡ್ಡ ಸ್ಟೂಲನ್ನು ಕಾಲ ನಡುವೆ ಎಳೆದುಕೊಂಡರು. “ನಾನು ಇದನ್ನ ಹೆಣೀತೀನಿ. ನೀನು ಬೇಕಾದ್ರೆ ನೋಡ್ಕೊಂಡು ಅದನ್ನ ಹೆಣಿ. ನಾನು ಆ ಕಡೆ ತಿರುಗಿಯೂ ನೋಡಲ್ಲ.”

ಆ ಕೋಣೆಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಹಿಂದಿನಿಂದ ಬಂದದ್ದು. ಕಲಿಯುವ ಗಂಡುಮಗ ತಂದೆಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ. ಹೆಂಗಸರು ಎದುರಿಗೆ, ಎಳೆಯ ತುದಿ ಹಿಡಿದು ಕೊಡಲು. ಮದುವೆಯಾಗಿ ಬಂದಾಗಿನಿಂದ ಅತ್ತೆ ಎದುರಿನ ಮಣೆಯ ಮೇಲೆ ಕೂತು ತುದಿ ಹಿಡಿದವರೇ. ಒಂದು ಎಳೆಯನ್ನೂ ತಾವಾಗಿ ಹೆಣೆದವರಲ್ಲ. ಮಾವನ ಪಕ್ಕದ ಜಾಗ ಅವನದು. ಅವನು ಕಸುಬು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಲ್ಲಿ ಬೇರೆ ಯಾರೂ ಕೂತಿರಲಿಲ್ಲ. ಅವಳು ಅತ್ತ ಒಮ್ಮೆ ನೋಡಿ, ಕುರ್ಚಿ ಎತ್ತಿಕೊಂಡು ಎದುರಿಗೆ ಬಂದಳು. ಅತ್ತೆ ಮಾತಿಲ್ಲದೆ ಮಣೆ ಬಿಟ್ಟುಕೊಟ್ಟು ಬಕೆಟ್ಟಿನ ಪಕ್ಕ ಸರಿದರು.

ಕುರ್ಚಿಯ ಬೆನ್ನು ಮಾವನ ಕಡೆಗಿತ್ತು. ಬೆನ್ನಿನ ಪಟ್ಟಿಗಳ ಸಂದಿಯಿಂದ ಅವಳಿಗೆ ಮಾವನ ಕೈಗಳು ಕಾಣುತ್ತಿದ್ದವು. ಮೊದಲು ಹಿಂದಿನಿಂದ ಮುಂದಕ್ಕೆ ಉದ್ದ ಎಳೆ. ತೂತಿಗೆ ಇಳಿಸು, ಸಣ್ಣ ಬೆಣೆ ಚುಚ್ಚಿ ಜಾರದಂತೆ ನಿಲ್ಲಿಸು, ಅಡಿಯಿಂದ ಮುಂದಿನ ತೂತಿಗೆ ಮೇಲೆ ತಾ. ಆಮೇಲೆ ಅಡ್ಡ ಎಳೆ. ಮತ್ತೆ ಉದ್ದ, ಮತ್ತೆ ಅಡ್ಡ, ಈ ಸಲ ಒಂದರ ಮೇಲೆ ಒಂದರ ಕೆಳಗೆ. ಮಾತಿನಲ್ಲಿ ಹೇಳಿಕೊಡುವುದು ಮಾವನಿಗೆ ಬರುತ್ತಿರಲಿಲ್ಲ. “ಹೀಗೆ” ಎನ್ನುತ್ತಿದ್ದರು. “ಹೀಗಲ್ಲ, ಹೀಗೆ.” ಅವಳು ಕೈ ನೋಡಿ ಕೈ ಆಡಿಸಿದಳು. ಅವರ ಕೈ ಕಿಟಕಿಯ ಕಡೆ ಹೋದರೆ ಇವಳದೂ ಕಿಟಕಿಯ ಕಡೆ. ಅವರು ಬಾಗಿಲ ಕಡೆ ಎಳೆದರೆ ಇವಳೂ ಬಾಗಿಲ ಕಡೆಗೆ.

ಬಿಗಿ ಸರಿಯಿದೆಯೋ ಎಂದು ಅವರು ನೋಡದೆಯೇ ಪರೀಕ್ಷಿಸುತ್ತಿದ್ದರು. “ಮೀಟು.” ಅವಳು ಎಳೆಯನ್ನು ಉಗುರಿನಿಂದ ಮೀಟುತ್ತಿದ್ದಳು. “ಊಹೂಂ, ನೆಗಡಿ ಬಂದಿದೆ. ಎಳಿ.” ಮತ್ತೆ ಮೀಟುತ್ತಿದ್ದಳು. “ಹ್ಞಾಂ.”

ಒಂದು ಸಾಯಂಕಾಲ ಸೀಳಿನ ಅಂಚು ಬೆರಳನ್ನು ಕೊಯ್ದಿತು. ಚುರ್ರೆಂದಿತು. ನೋವಾಗುವುದು ಇನ್ನೂ ಉಳಿದಿದೆ ಎಂಬುದೇ ಅವಳಿಗೆ ಆಶ್ಚರ್ಯ. ರಕ್ತ ನೋಡುತ್ತಾ ಕೂತುಬಿಟ್ಟಳು. ಮಾವ ಪೆಟ್ಟಿಗೆ ತಡಕಿ, ಎರಡು ಬೆರಳಿಗೆ ಹಾಕುವ ಪುಟ್ಟ ತೊಗಲಿನ ಚೀಲ ತೆಗೆದು ನೆಲದ ಮೇಲೆ ಅವಳತ್ತ ಜಾರಿಸಿದರು.

“ಅವನದು. ಚಿಕ್ಕೋನಿದ್ದಾಗ ಹೊಲಿದುಕೊಟ್ಟಿದ್ದೆ.”

ಅದು ಅವಳ ಬೆರಳಿಗೆ ಹಿಡಿಸಿತು.

“ಕಲೀವಾಗ ತುಂಬಾ ಅಳ್ತಿದ್ದ,” ಎಂದರು ಅತ್ತೆ. “ಬೆತ್ತ ಕಂಡ್ರೆ ಆಗ್ತಿರ್ಲಿಲ್ಲ. ದೊಡ್ಡೋನಾದ್ಮೇಲೆ ನೋಡು, ಊರ ಕುರ್ಚಿಗಳ ಅಡಿ ತೂರಿದ್ದೇ ತೂರಿದ್ದು.”

“ಹೆಣೆಯೋಕೆ ಬೇಡ, ನೋಡೋಕೆ ಬೇಕು,” ಎಂದರು ಮಾವ. ಬೈಗುಳದಂತೆ ಶುರುವಾದ ಮಾತು ಕೊನೆಗೆ ಬರುವಾಗ ಬೈಗುಳವಾಗಿರಲಿಲ್ಲ.

ಓರೆ ಎಳೆಗಳು ಬಂದವು. ಮೂಲೆಯಿಂದ ಮೂಲೆಗೆ ಒಂದು ಕಡೆಯಿಂದ, ಆಮೇಲೆ ಅದನ್ನು ಕತ್ತರಿಸುವಂತೆ ಇನ್ನೊಂದು ಕಡೆಯಿಂದ. ಅವಳಿಗೆ ಒಳಗೊಳಗೇ ಅಳುಕಿತ್ತು: ಮಾವನದು ಬಲಮೂಲೆ, ಈ ಕುರ್ಚಿಗೆ ಬೇಕಾದದ್ದು ಎಡಮೂಲೆ; ಎಲ್ಲವನ್ನೂ ತಲೆಯಲ್ಲೇ ಉಲ್ಟಾ ಮಾಡಿಕೊಳ್ಳುವುದು ಹೇಗೆ? ಅದು ಬಂದಾಗ ನೋಡಿಕೊಂಡರಾಯಿತೆಂದು ದೂಡುತ್ತಾ ಬಂದಿದ್ದಳು. ಮಾವ ಕೊನೆಯ ಎಳೆ ಇಳಿಸಿ, ಬೆಣೆ ಬಡಿದು, “ಮುಗೀತು” ಎಂದರು. ಅವಳೂ ಕೊನೆಯ ಎಳೆ ಇಳಿಸಿದಳು. ಕುರ್ಚಿ ಮಗುಚಿದಳು. ಖಾಲಿ ಉಳಿದದ್ದು ಎಡಮೂಲೆಯ ತೂತು.

ಅವಳು ಏನನ್ನೂ ಉಲ್ಟಾ ಮಾಡಿರಲಿಲ್ಲ.

“ಅತ್ತೆ, ನೋಡಿ ಇಲ್ಲಿ.”

ಅತ್ತೆ ಬಗ್ಗಿ ನೋಡಿದರು. ಮಾವ ನೋಡುವುದಿಲ್ಲವೆಂದು ಹಟ ಹಿಡಿದಿದ್ದವರು ಕತ್ತು ಚಾಚಿಯೇಬಿಟ್ಟರು. “ಎಡಕ್ಕೆ ಬಿಟ್ಯಾ! ಬೇಕೂ ಅಂತ ಮಾಡಿದ್ಯಾ?”

“ಇಲ್ಲ ಮಾವ. ನಿಮ್ಮ ಕೈ ನೋಡ್ಕೊಂಡೇ ಮಾಡಿದ್ದು.”

“ನನ್ನ ಕೈ ನೋಡಿದ್ರೆ ಬಲಕ್ಕೆ ಬರ್ಬೇಕು.”

“ಪಕ್ಕದಲ್ಲಿ ಕೂತು ನೋಡಿದ್ರೆ ಬರುತ್ತೆ,” ಎಂದರು ಅತ್ತೆ. ಒದ್ದೆ ಸೀಳೊಂದನ್ನು ಬೆರಳಿಗೆ ಸುತ್ತುತ್ತಾ, ಹೊಸದೇನೂ ಅಲ್ಲವೆಂಬಂತೆ. “ನನಗೆ ಹೆಣೆಯೋಕೆ ಬಿಟ್ಟಿದ್ರೆ ನಂದೂ ಹೀಗೇ ಆಗ್ತಿತ್ತು. ಇಷ್ಟು ವರ್ಷ ಎದುರಿಗೆ ಕೂತಿದೀನಿ. ಈ ಮಣೆಯಿಂದ ನೋಡಿದ್ರೆ ನಿಮ್ಮ ಕಸುಬೆಲ್ಲ ಕನ್ನಡಿಯೊಳಗಿನ ಕಸುಬು.”

 ಮಾವ ನಿಧಾನವಾಗಿ ಎದ್ದು, ಕುರ್ಚಿ ಸುತ್ತಿ ಬಂದು, ಸೊಸೆ ಕೂತಿದ್ದ ಕಡೆಯಿಂದ ತಮ್ಮ ಸ್ಟೂಲನ್ನು ನೋಡಿದರು. ಅವಳು ಬಿಟ್ಟುಕೊಟ್ಟ ಮಣೆಯ ಮೇಲೆ ಕೂತು ಗಾಳಿಯಲ್ಲಿ ಬೆರಳಾಡಿಸಿದರು. ಅವರ ಬಲಕ್ಕಿರುತ್ತಿದ್ದ ಕಿಟಕಿ ಅಲ್ಲಿ ಎಡಕ್ಕಿತ್ತು.

“ಹಾಗಾದ್ರೆ ಇದನ್ನ ಹೆಣೆದೋಳು ಎದುರಿಗೆ ಕೂರೋಳು,” ಎಂದರು ಕೊನೆಗೆ. “ಕದ್ದು ನೋಡಿದ್ದಲ್ಲ. ಮನೆಯೋಳೇ. ನದಿ ದಾಟಿ ಬಂದ ನಮ್ಮ ತಾತನ ಅಮ್ಮನೇ ಇರ್ಬೇಕು.”

ಎದುರಿಗಿದ್ದ ಮಗನ ಜಾಗದ ಕಡೆ ನೋಡಿದರು.

“ನಮ್ಮೋರದ್ದಲ್ಲ ಅಂತ ಅವನಿಗೆ ಅಂದುಬಿಟ್ಟೆನಲ್ಲಮ್ಮಾ.”

 ಅವಳು ಅಂಚಿಗೆ ಸುತ್ತುವ ಅಗಲ ಬೆತ್ತವನ್ನು ಬಕೆಟ್ಟಿನಿಂದ ತೆಗೆದು ಮಾವನ ಕೈಗಿಟ್ಟಳು. ಮುಟ್ಟಲಾರೆನೆಂದ ಕುರ್ಚಿಯನ್ನು ಅವರು ತೊಡೆಯ ಮೇಲೆ ಎಳೆದುಕೊಂಡರು. ಅಂಚು ಕಟ್ಟುವಷ್ಟೂ ಹೊತ್ತು ಅವಳು ಎದುರಿಗೆ ಕೂತು ತುದಿ ಹಿಡಿದಳು.

“ಒಂದು ಮಾತ್ರ ತಿಳೀಲಿಲ್ಲ,” ಎಂದರು ಮಾವ ಗಂಟು ಬಿಗಿಯುತ್ತಾ. “ಅವಳದು ಎಡಮೂಲೆ. ಅವಳ ಮಗನೇ ನಮ್ಮ ತಾತನಾದ್ರೆ, ಅವನದು ಬಲಕ್ಕೆ ಹೇಗೆ ಬಂತು?”

ಬಸ್ಸಿನಲ್ಲಿ ಕಂಡಕ್ಟರು ಕುರ್ಚಿಯನ್ನೂ ಅವಳನ್ನೂ ಮೇಲಿಂದ ಕೆಳಗೆ ನೋಡಿದ. “ಸ್ವಂತ ಕುರ್ಚಿ ತಂದಿದೀರಲ್ಲ, ಅದರ ಮೇಲೇ ಕೂತ್ಕೊಳ್ಳಿ ಮೇಡಂ, ಸೀಟು ಬೇರೆಯವರಿಗೆ ಬಿಡಿ.” ಅವಳು ಕುರ್ಚಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಾಲುಗಳ ನಡುವಿನಿಂದ ರಸ್ತೆ ನೋಡುತ್ತಾ ಹೋದಳು. ನಕಾಶೆಯ ಮೇಲೆ ಬೆರಳುದ್ದದ ದಾರಿ ಮಧ್ಯಾಹ್ನದವರೆಗೂ ಮುಗಿಯಲಿಲ್ಲ.

ಕೊಡೆಯಂಗಡಿ ದೋಣಿಕಟ್ಟೆಗೆ ಹೋಗುವ ಇಳಿಜಾರಿನಲ್ಲಿತ್ತು. ಸುಡುಬಿಸಿಲು. ಮುರಿದ ಕೊಡೆಕಡ್ಡಿಗಳ ರಾಶಿಯ ನಡುವೆ, ಮಗುಚಿದ ಎಣ್ಣೆಡಬ್ಬದ ಮೇಲೆ ಅಜ್ಜಿ ಕೂತಿದ್ದಳು.

“ಬಂದ್ಯಾ ತಾಯಿ! ಕೊಡು ಇಲ್ಲಿ.” ಕುರ್ಚಿ ಕಿತ್ತುಕೊಂಡು ಮಗುಚಿ, ಅಡಿಯಲ್ಲಿ ಬೆರಳಾಡಿಸಿ ಎಡಮೂಲೆಗೆ ಬಂದು ನಿಂತಳು. “ಹ್ಞಾಂ, ಇದೆ. ಚಿಕ್ಕಂದಿನಲ್ಲಿ ಈ ತೂತಿಗೆ ಬೆರಳು ಹಾಕಿ ಸಿಕ್ಕಿಸ್ಕೊಂಡು ಒದೆ ತಿಂದಿದ್ದೆ. ಯಾರು ಹೆಣೆದದ್ದು?”

“ನಾನೇ.”

“ಪರವಾಗಿಲ್ವೆ! ಮತ್ತೆ ಅವನು? ಬೈಸ್ಕೋಬೇಕಾಗುತ್ತೆ ಅಂತ ನಿನ್ನ ಕಳಿಸಿದ್ನಾ?”

“ಅವರು ಇಲ್ಲ ಅಜ್ಜಿ. ತೀರಿಕೊಂಡರು.”

ಅಜ್ಜಿಯ ಕೈಯಲ್ಲಿದ್ದ ಕುರ್ಚಿ ನೆಲಕ್ಕಿಳಿಯಿತು. “ನಾನು ಫೋನು ಮಾಡಿದಾಗ…”

“ಆಗಲೂ ಇರ್ಲಿಲ್ಲ.”

“ಅಯ್ಯೋ, ಏನೇನೆಲ್ಲ ಅಂದೆನಲ್ಲೇ ತಾಯಿ. ಒಂದು ಮಾತು ಹೇಳ್ಬಾರದಿತ್ತಾ?”

“ನೀವು ಬೈತಿದ್ರಿ. ಕೇಳೋಕೆ ಚೆನ್ನಾಗಿತ್ತು.”

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಕೈ ಎಳೆದುಕೊಂಡು, ಕೊಯ್ದ ಬೆರಳುಗಳ ಮೇಲೆ ತನ್ನ ಹೆಬ್ಬೆರಳು ಸವರಿದಳು. 

“ಅಜ್ಜಿ, ಇದನ್ನ ಮೊದಲು ಹೆಣೆದದ್ದು ಹೆಂಗಸಲ್ವಾ?”

“ಹೌದು ಮತ್ತೆ. ನಿನ್ನ ಗಂಡ ಬಂದು ಮುತ್ತಾತ ಮುತ್ತಾತ ಅಂತಿದ್ದ. ಯಾವ ಮುತ್ತಾತನೂ ನನಗೆ ಗೊತ್ತಿಲ್ಲಪ್ಪಾ ಅಂದೆ. ನಮ್ಮಜ್ಜಿ ಹೇಳ್ತಿದ್ದದ್ದು ಒಬ್ಬ ಹುಡುಗಿ ವಿಷಯ. ಆ ದಡದಿಂದ ದೋಣಿಯಲ್ಲಿ ಬಂದೋಳು. ಜೊತೆಗೆ ಗಂಡ…” ಅಜ್ಜಿ ತಡವರಿಸಿದಳು.

“ಗಂಡ ಇರ್ಲಿಲ್ಲ. ಗೊತ್ತು. ಹೇಳಿ.”

“ಇಲ್ಲೇ ಅಂಗಡಿ ಮುಂದೆ ಕೂತು ಹೆಣೀತಿದ್ಲಂತೆ. ಒಂದು ಮಗು. ಇಳಿಜಾರು ನೋಡು, ಉರುಳಿ ನದಿಗೆ ಹೋದೀತು ಅಂತ ಬಟ್ಟೆ ತುಂಡಿನಲ್ಲಿ ಅದರ ಸೊಂಟಾನ ಕುರ್ಚಿ ಕಾಲಿಗೆ ಕಟ್ಟಿರ್ತಿದ್ಲಂತೆ. ಒಂದೆರಡು ವರ್ಷ ಇದ್ದು, ಮಗು ದೊಡ್ಡದಾದ ಮೇಲೆ ಎತ್ಲಾಗೋ ಹೊರಟುಹೋದ್ಲು.”

“ಯಾವ ಕಾಲಿಗೆ ಕಟ್ತಿದ್ಲು?”

“ಇದೆಂಥ ಪ್ರಶ್ನೆಯೇ? ಎದುರಿನ ಕಾಲಿಗೆ. ಪಕ್ಕದಲ್ಲಿ ಕಟ್ಟಿದ್ರೆ ಕೈ ಹಿಡಿದೆಳೆದು ಕೆಲಸ ಕೆಡಿಸ್ತಿತ್ತಂತೆ. ಅಲ್ಲಿ ಕೂತು ತಾಯಿ ಕೈಯನ್ನೇ ಕಣ್ಣು ಮಿಟುಕಿಸದೆ ನೋಡ್ತಿತ್ತಂತೆ.”

ಅವಳಿಗೆ ಆ ಮಗು ಕಂಡಿತು. ತಾಯಿಯ ಕೈ ನೀರಿನ ಕಡೆ ಹೋದರೆ ಅದರ ಪುಟ್ಟ ಕೈಯೂ ನೀರಿನ ಕಡೆ. ಗಂಡನ ಎದುರು ಕೂತು ಆ ಹುಡುಗಿ ಕಲಿತದ್ದು ಎಡಕ್ಕೆ ತಿರುಗಿತು. ಅವಳ ಎದುರು ಕೂತು ಮಗ ಕಲಿತದ್ದು ಮತ್ತೆ ಬಲಕ್ಕೆ ಬಂತು. ಆಕಾಶದಿಂದ ಉದುರಿದ್ದಲ್ಲ ಕಣೋ, ಎಂದಳು ಮನಸ್ಸಿನಲ್ಲೇ. ಗಂಡ ಹೋದ ಮೇಲೆ ಅವನೊಡನೆ ಮಾತಾಡಿದ್ದು ಅದೇ ಮೊದಲು. ಕಣ್ಣು ತುಂಬಿ, ಅಂಗಡಿಯ ಕೊಡೆಗಳೆಲ್ಲ ಒಂದಕ್ಕೊಂದು ಕಲಸಿಕೊಂಡವು.

ಅಜ್ಜಿ ನೋಡಿಯೂ ನೋಡದಂತೆ ಕುರ್ಚಿಯನ್ನು ಅದರ ಹಳೆಯ ಜಾಗಕ್ಕೆ, ನೆಲದಲ್ಲಿ ನಾಲ್ಕು ಗುಳಿ ಬಿದ್ದಿದ್ದ ಕಡೆಗೆ, ಸರಿಸಿಟ್ಟಳು. ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಕೂತಳು. ಹೊಸ ಬೆತ್ತ ಕಿರ್ರೆಂದು ಸದ್ದುಮಾಡಿ ಅವಳ ಭಾರ ತೆಗೆದುಕೊಂಡಿತು.

“ಬಿಗಿಯಾಗಿದೆ. ಪಳಗೋಕೆ ಸ್ವಲ್ಪ ದಿನ ಬೇಕು,” ಎಂದಳು. ಕಾಲಿನಿಂದ ಎಣ್ಣೆಡಬ್ಬವನ್ನು ಅವಳ ಕಡೆ ತಳ್ಳಿದಳು. “ಕೂತ್ಕೋ. ಮೊದಲು ನೀರು ಕುಡಿ. ಆಮೇಲೆ ಆ ಪುಣ್ಯಾತ್ಮನ ವಿಷಯ ಹೇಳುವೆಯಂತೆ.”

ಅವಳು ಡಬ್ಬವನ್ನು ಎಳೆದುಕೊಂಡು ಅಜ್ಜಿಯ ಎದುರಿಗೆ ಕೂತಳು.